ಹದಿನೆಂಟನೇ ಜಾಯಿಂಟಿನ ಆಲೂಗಡ್ಡೆಗಳು

ತಾರೀಕು ಹನ್ನೊಂದು, ಗುರುವಾರ
ಪೈಪ್ ಯಾರ್ಡಿನ ಹಿಂದಿನ ಕ್ವಾರ್ಟರ್ಸ್, ನಾಲ್ಕನೇ ಕೋಣೆ, ಮೇಲಿನ ಮಂಚ

ಬೆಸುಗೆಯ ಕಿಡಿಗಳಿಗೆಲ್ಲ ಒಡತಿಯೂ, ಮೂವತ್ತೊಂದನೇ ನಂಬರಿನ ಏಕೈಕ ಹಕ್ಕುದಾರಳೂ, ನನ್ನ ಕಿವಿ ಹಿಂಡುವ ಅಧಿಕಾರವನ್ನು ನಾನು ಹುಟ್ಟಿದ ದಿನವೇ ವಹಿಸಿಕೊಂಡವಳೂ ಆದ ಅಕ್ಕನ ಸನ್ನಿಧಾನಕ್ಕೆ, ತಮ್ಮನಾದ ಕಿತಾಪತಿಯು ತಲೆ ತಗ್ಗಿಸಿ ಮಾಡುವ ಅರಿಕೆ.

ಇಲ್ಲಿ ನಾನು ಕ್ಷೇಮ. ಊಟ ಸೇರುತ್ತಿದೆ, ನಿದ್ದೆ ಸೇರುತ್ತಿಲ್ಲ. ಅಲ್ಲಿ ನೀನೂ ಕ್ಷೇಮವೆಂದು ಬರೆಯುವುದು ವಾಡಿಕೆ. ಆದರೆ ಅಮ್ಮ ಫೋನ್ ಮಾಡಿದ್ದಳು, ಆದ್ದರಿಂದ ಆ ಸಾಲನ್ನು ಕೈಬಿಡಲಾಗಿದೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನ್ ಮಾಡಿದರೆ ನಾನು ನಗಿಸುತ್ತೇನೆ, ನೀನು ನಗುತ್ತೀಯ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಎರಡು ತಿಂಗಳಲ್ಲಿ ಏಳು ಸಲ ಹೀಗಾಗಿದೆ. ಕಾಗದ ನಗುವುದಿಲ್ಲ, ನಡುವೆ ಬಾಯಿ ಹಾಕುವುದೂ ಇಲ್ಲ.

ಮೊದಲು ಯಾರ್ಡಿನ ಸಮಾಚಾರ. ಬೆಳಗಿನ ಹಾಜರಿಯಲ್ಲಿ ಫೋರ್‌ಮನ್ ಈಗಲೂ ವೆಲ್ಡರ್‌ಗಳನ್ನು ನಂಬರಿನಲ್ಲೇ ಕೂಗುತ್ತಾನೆ. ಇಪ್ಪತ್ತೊಂಬತ್ತು, ಮೂವತ್ತು ಅಂದವನು ಒಂದು ಉಸಿರು ನಿಂತು, ಮೂವತ್ತೆರಡು ಅನ್ನುತ್ತಾನೆ. ಆ ಒಂದು ಉಸಿರಿನಷ್ಟು ಹೊತ್ತು ನಾನು ನನ್ನ ಬೂಟು ನೋಡಿಕೊಳ್ಳುತ್ತೇನೆ. ನನ್ನ ಬೂಟಿನ ಎಡಗಾಲಿನ ದಾರಕ್ಕೆ ಹನ್ನೆರಡು ತೂತುಗಳಿವೆ, ಅಕ್ಕ. ಇಷ್ಟು ಚೆನ್ನಾಗಿ ಯಾವ ಪಾಠವನ್ನೂ ನಾನು ಕಲಿತದ್ದಿಲ್ಲ.

ಇನ್ನು ಅಮ್ಮ ಹೇಳಿದ್ದು. ಅವಳ ಮಾತಿನಲ್ಲೇ ಬರೆಯುತ್ತೇನೆ: "ನಿಮ್ಮಕ್ಕ ಲೋಟದ ತುಂಬ ನೀರು ತಗೊಂಡು ಕಿಟಕಿ ಹತ್ರ ನಿಂತಿರ್ತಾಳೆ ಕಣೋ. ಕೈ ಚಾಚಿ ಹಿಡ್ಕೊಂಡು, ಚೆಲ್ಲುತ್ತಾ ಅಂತ ನೋಡ್ತಾಳೆ. ದಿನಾ. ಏನಂತ ಕೇಳಿದ್ರೆ ಸುಮ್ನೆ ಅಂತಾಳೆ."

ಅದೊಂದು ಹೊಸ ಥರದ ವ್ಯಾಯಾಮ ಇರಬೇಕಮ್ಮ ಅಂದೆ ನಾನು. ಅಮ್ಮ ನಗಲಿಲ್ಲ. ನೀನು ಕನ್ನಡಕ ಬದಲಾಯಿಸಿದ್ದನ್ನೂ, ಇಪ್ಪತ್ತನೇ ತಾರೀಕಿನ ವೆಲ್ಡಿಂಗ್ ಮರುಪರೀಕ್ಷೆಗೆ ಹೋಗುವುದಿಲ್ಲ ಅಂದದ್ದನ್ನೂ, ಯಾವುದೋ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಕೇಳಿಕೊಂಡು ಬಂದದ್ದನ್ನೂ ಒಂದೇ ಉಸಿರಿಗೆ ಹೇಳಿದಳು. ಕಡೆಗೆ ಅಡುಗೆಮನೆಯ ಕಬ್ಬಿಣದ ಸ್ಟೂಲಿನ ಕಾಲು ಮುರಿದದ್ದರ ವರದಿ. "ಹಗ್ಗ ಕಟ್ಕೊಂಡು ಕೂತಿದೀವಿ ಕಣೋ, ಮನೇಲಿ ವೆಲ್ಡರ್ ಇಟ್ಕೊಂಡು. ಬೆಸುಗೆ ಹಾಕ್ಕೊಡೇ ಅಂದ್ರೆ, ಕೈ ಹೋಗಿದೆ ನಂದು, ನಾಳೆ ನೀನು ಬಿದ್ರೆ ಅದಕ್ಕೂ ನಾನೇ ಹೊಣೆ ಆಗಬೇಕಾ ಅಂತಾಳೆ."

ಕೈ ಹೋಗಿದೆ. ನೀನು ಹಾಗೆ ಅಂದೆಯಂತೆ. ಈ ಕಾಗದ ಬರೆಯುತ್ತಿರುವುದು ಆ ಎರಡು ಪದಕ್ಕೆ.

ಈಗ ಸ್ವಲ್ಪ ಪಾಠ. ಇದು ನಿನಗಲ್ಲ, ಅಮ್ಮನಿಗೆ. ನೀನು ಮಡಚಿಟ್ಟದ್ದನ್ನೆಲ್ಲ ಅವಳು ಬಿಚ್ಚಿ ಓದುತ್ತಾಳೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಅಮ್ಮ, ಕೇಳು. ನಾವು ಹಾಕುತ್ತಿರುವ ಪೈಪಿನಲ್ಲಿ ಬರುವುದು ಅಡುಗೆಮನೆಯ ಸಭ್ಯ ಗ್ಯಾಸ್ ಅಲ್ಲ. ನೆಲದಿಂದ ಎದ್ದು ಬಂದ ಹಸಿ ಗ್ಯಾಸ್. ಅದರಲ್ಲಿ ಕೊಳೆತ ಮೊಟ್ಟೆಯ ನಾತದ ವಿಷವೊಂದು ಬೆರೆತಿರುತ್ತದೆ. ಹುಳಿ ಗ್ಯಾಸ್ ಅನ್ನುತ್ತಾರೆ. ರುಚಿ ನೋಡಿ ಹೆಸರಿಟ್ಟವರು ಯಾರೋ, ಹೇಳಲು ಉಳಿದಿರಲಾರರು. ಆ ವಿಷಕ್ಕೊಂದು ಚಾಳಿ. ಮೆದುವಾದ ಕಬ್ಬಿಣವನ್ನು ಅದು ಅಷ್ಟಾಗಿ ಕಾಡುವುದಿಲ್ಲ. ಎಲ್ಲಿ ಕಬ್ಬಿಣ ಗಡಸಾಗಿ ಸೆಟೆದುಕೊಂಡಿದೆಯೋ ಅಲ್ಲಿ ಹೊಕ್ಕು, ಒಳಗಿಂದಲೇ ಬಿರುಕು ಬಿಡಿಸುತ್ತದೆ. ಬೆಸುಗೆ ಹಾಕಿದ ಜಾಗ ಬೇಗ ಆರುತ್ತದೆ, ಬೇಗ ಆರಿದ್ದು ಗಡಸಾಗುತ್ತದೆ. ಅದಕ್ಕೇ ಅಕ್ಕನ ಕೆಲಸ ಮುಗಿದ ಮೇಲೆ ನನ್ನ ಕೆಲಸ. ಜಾಯಿಂಟಿನ ಸುತ್ತ ಮಣಿ ಪೋಣಿಸಿದಂಥ ಹೀಟರ್ ಪಟ್ಟಿ ಕಟ್ಟುತ್ತೇನೆ. ಮೇಲೆ ಬೆಂಕಿಗೆ ಜಗ್ಗದ ಬ್ಲಾಂಕೆಟ್ ಎರಡು ಸುತ್ತು. ಆರುನೂರ ಇಪ್ಪತ್ತು ಡಿಗ್ರಿಗೆ ನಿಧಾನವಾಗಿ ಏರಿಸಿ, ಒಂದು ಗಂಟೆ ಹಾಗೇ ಹಿಡಿದು, ನಿಧಾನವಾಗಿ ಇಳಿಸುತ್ತೇನೆ. ಬೆಸುಗೆ ಮೆದುವಾಗುತ್ತದೆ. ಅಕ್ಕ ಕೂಡಿಸುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ. ಇದನ್ನು ಕೆಲಸ ಅಂತ ಒಪ್ಪಿ ಸಂಬಳ ಕೊಡುತ್ತಾರೆ.

ಸಮಾಧಾನ ಆಯಿತೋ ಇಲ್ಲವೋ ತಿಳಿಯಲು ಜಾಯಿಂಟಿನ ನೆತ್ತಿಗೊಂದು, ಹೊಟ್ಟೆಗೊಂದು ಶಾಖ ಅಳೆಯುವ ತಂತಿ ಅಂಟಿಸುತ್ತೇವೆ. ಕೂದಲೆಳೆಯಂಥದ್ದು. ನೆತ್ತಿಯ ಶಾಖವನ್ನು ಯಂತ್ರ ಕಾಗದದ ಸುರುಳಿಯ ಮೇಲೆ ಕೆಂಪು ಗೆರೆಯಾಗಿ ಬರೆಯುತ್ತದೆ, ಹೊಟ್ಟೆಯದನ್ನು ನೀಲಿ ಗೆರೆಯಾಗಿ. ಆ ಕಾಗದವೇ ಚಾರ್ಟ್. ಚಾರ್ಟ್ ಏನು ಹೇಳಿತೋ ಅದೇ ನಡೆದದ್ದು ಎಂದು ಎಲ್ಲರೂ ನಂಬಬೇಕು. ಪಾಠ ಮುಗಿಯಿತು. ಅಮ್ಮ, ಇನ್ನು ಮುಂದಿನದು ಓದಿದರೆ ನಿನಗೇ ಬೇಜಾರು.

ಅಕ್ಕ, ಹೀಟರ್ ಕಟ್ಟಿದ ಮೇಲೆ ನನಗೆ ಏಳೆಂಟು ಗಂಟೆ ಕೂತು ಎರಡು ಗೆರೆ ನೋಡುವುದಷ್ಟೇ ಕೆಲಸ. ನಾನು ಸುಮ್ಮನೆ ಕೂರುವ ಪ್ರಾಣಿಯಲ್ಲ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರು. ಮೊದಮೊದಲು ಚಾರ್ಟಿನ ಅಂಚಿನಲ್ಲಿ ಷರಾ ಬರೆಯುತ್ತಿದ್ದೆ. "ಸದರಿ ಜಾಯಿಂಟು ಯಾರ ಬಲವಂತವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬೆಚ್ಚಗಾಗಿರುತ್ತದೆ." "ನೀಲಿ ಗೆರೆಯು ಕೆಂಪು ಗೆರೆಯ ಮೇಲೆ ಮುನಿಸಿಕೊಂಡಿದ್ದು, ಹಿರಿಯರ ಸಮಕ್ಷಮ ರಾಜಿಯಾಗಿದೆ." ಫೋರ್‌ಮನ್ ಓದಿ ಕೆಮ್ಮು ಬರುವವರೆಗೆ ನಗುತ್ತಿದ್ದ. ಗುಣಮಟ್ಟ ನೋಡುವ ಮೇಡಂ ಕೂಡ ತುಟಿ ಬಿಗಿ ಹಿಡಿದು ಸಹಿ ಹಾಕುತ್ತಿದ್ದರು. ಅಂಥ ಷರಾ ಇಲ್ಲದ ಚಾರ್ಟ್ ಬಂದರೆ, "ಯಾಕೋ ಕಿತಾಪತಿ, ಹುಷಾರಿಲ್ವಾ?" ಅನ್ನುತ್ತಿದ್ದರು.

ಹದಿನೆಂಟನೇ ಜಾಯಿಂಟಿನ ದಿನ ಷರಾ ಸಾಲಲಿಲ್ಲ. ನಾನು ಆರು ಆಲೂಗಡ್ಡೆ ತಂದಿದ್ದೆ.

ನಗಬೇಡ. ಅಥವಾ ಇಲ್ಲೇ ನಕ್ಕುಬಿಡು, ಮುಂದೆ ಜಾಗವಿಲ್ಲ. ಬ್ಲಾಂಕೆಟ್ಟಿನ ಎರಡು ಸುತ್ತುಗಳ ನಡುವೆ ಇಟ್ಟರೆ ಹದವಾಗಿ ಬೇಯುತ್ತದೆ ಎಂಬುದು ನನ್ನ ಸಂಶೋಧನೆ. ಪೈಪಿನ ಹೊಟ್ಟೆಯ ಕಡೆ ಕಟ್ಟುತಂತಿ ಸಡಿಲಿಸಿ, ಬ್ಲಾಂಕೆಟ್ ಜೋಳಿಗೆಯ ಹಾಗೆ ಇಳಿಬಿಟ್ಟು, ಬೆಳ್ಳಿ ಹಾಳೆ ಸುತ್ತಿದ ಆರೂ ಆಲೂಗಡ್ಡೆಗಳನ್ನು ಮಲಗಿಸಿದೆ. ಅಂದು ಬೀಸುಗಾಳಿ. ಟಾರ್ಪಾಲು ಕಟ್ಟು ಅಂತ ನೀನು ಬೆಳಿಗ್ಗೆಯೇ ಮೇಲಿನಿಂದ ಕೂಗಿದ್ದೆ. ಕಟ್ಟುತ್ತೇನೆ ಅಂತ ನಾನೂ ಕೂಗಿದ್ದೆ.

ಸ್ವಲ್ಪ ಹೊತ್ತಿನಲ್ಲೇ ನೀಲಿ ಗೆರೆ ಕೆಂಪಿನಿಂದ ಬೇರೆಯಾಗಿ ಕೆಳಗೆ ಜಾರತೊಡಗಿತು. ಆಗಲೇ ಮುಚ್ಚಿದ್ದರೆ ಮುಗಿದಿತ್ತು. ಆಲೂಗಡ್ಡೆ ಇನ್ನೂ ಬೆಂದಿರಲಿಲ್ಲ, ಅದಕ್ಕೇ ಕಾದೆ. ಇದನ್ನು ಬರೆದು ಒಂದು ಸಲ ಓದಿದೆ. ಬೇರೆ ಕಾರಣವೇನಾದರೂ ಇತ್ತೇ ಅಂತ ಹುಡುಕಿದೆ. ಇರಲಿಲ್ಲ. ಬೆಂದಿರಲಿಲ್ಲ, ಅಷ್ಟೇ.

ಬೆಂದ ಮೇಲೆ ಅವಸರದಲ್ಲಿ ಎಳೆದೆ. ಬೆಳ್ಳಿ ಹಾಳೆಗೆ ಸಿಕ್ಕಿ ಹೊಟ್ಟೆಯ ತಂತಿಯೂ ಕಿತ್ತು ಬಂತು. ನೀಲಿ ಗೆರೆ ಸತ್ತೇ ಹೋಯಿತು. ತಂತಿ ಮತ್ತೆ ಅಂಟಿಸಬೇಕಾದರೆ ಪೈಪ್ ಪೂರ್ತಿ ಆರಬೇಕು, ಬಿಚ್ಚಬೇಕು, ಮೊದಲಿನಿಂದ ಏರಿಸಬೇಕು. ಇಡೀ ದಿನದ ಕೆಲಸ ಹಾಳು. ಯಾಕೆ ಅಂತ ಫೋರ್‌ಮನ್ ಕೇಳುತ್ತಾನೆ, ಆಲೂಗಡ್ಡೆ ಅಂತ ಹೇಳಬೇಕು. ನಾನು ಹಾಗೆ ಮಾಡಲಿಲ್ಲ. ನೆತ್ತಿಯ ತಂತಿಯನ್ನೇ ಯಂತ್ರದ ಎರಡೂ ತೂತಿಗೆ ಸೇರಿಸಿ ಕಟ್ಟಿದೆ. ನೀಲಿ ಗೆರೆ ಎದ್ದು ಬಂದು ಕೆಂಪಿನ ಮೇಲೆ ಮಲಗಿತು. ಅಲ್ಲಿಂದ ಕೊನೆಯವರೆಗೆ ಎರಡೂ ಸೇರಿ ಒಂದೇ ನೇರಳೆ ಗೆರೆ. ನಿಜವಾದ ಎರಡು ಗೆರೆಗಳು ಹೀಗೆ ಒಂದರ ಮೇಲೊಂದು ಹೋಗುವುದೇ ಇಲ್ಲ, ಅಕ್ಕ. ಒಂದು ನೆತ್ತಿ, ಒಂದು ಹೊಟ್ಟೆ, ಹತ್ತು ಡಿಗ್ರಿಯ ಜಗಳವಾದರೂ ಇದ್ದೇ ಇರುತ್ತದೆ. ನಮ್ಮಿಬ್ಬರ ಹಾಗೆ. ಅದೊಂದು ಹೊಂದಾಣಿಕೆಯೇ ನನ್ನ ಸುಳ್ಳಿನ ಗುರುತು.

ಇನ್ನೂ ಹೇಸಿಗೆಯದು ಕೇಳು. ಚಾರ್ಟಿನಲ್ಲಿ ನೀಲಿ ಬಿದ್ದು ಎದ್ದದ್ದು ಕಾಣುತ್ತದಲ್ಲ, ಅದರ ಪಕ್ಕ ನಾನು ಷರಾ ಬರೆದೆ: "ಹೊಟ್ಟೆಯ ತಂತಿಯು ಸೇವೆಯಿಂದ ನಿವೃತ್ತಿ ಹೊಂದಿದ್ದು, ಅದರ ಹೊಣೆಯನ್ನು ನೆತ್ತಿಯ ತಂತಿಯೇ ವಹಿಸಿಕೊಂಡಿರುತ್ತದೆ." ಒಂದಕ್ಷರವೂ ಸುಳ್ಳಲ್ಲ. ಎಲ್ಲರೂ ಓದಿದರು, ಎಲ್ಲರೂ ನಕ್ಕರು. ಅದುವರೆಗೆ ಬರೆದ ಹದಿನೇಳು ತಮಾಷೆಗಳ ಹಿಂದೆ ಹದಿನೆಂಟನೆಯದು ಸಲೀಸಾಗಿ ದಾಟಿಹೋಯಿತು. ನಾನು ತಮಾಷೆ ಮಾಡುವವನು ಅಂತ ಎಲ್ಲರಿಗೂ ಗೊತ್ತಿದ್ದದ್ದೇ ನನಗೆ ರಕ್ಷೆಯಾಯಿತು.

ಅಂದು ಮಧ್ಯಾಹ್ನ ಏಣಿ ಹತ್ತಿ ನಿನಗೂ ಒಂದು ಆಲೂಗಡ್ಡೆ ತಂದುಕೊಟ್ಟೆ, ಉಪ್ಪು, ಮೆಣಸಿನ ಪುಡಿ ಹಾಕಿ. ನೀನು ಹೆಲ್ಮೆಟ್ ಎತ್ತಿ, ಗ್ಲೌಸಿನಲ್ಲೇ ಹಿಡಿದು ತಿಂದೆ. ಎಲ್ಲಿ ಬೇಯಿಸಿದ್ದು ಅಂತ ಕೇಳಿದೆ. ಕ್ಯಾಂಟೀನಿನಲ್ಲಿ ಅಂದೆ ನಾನು. "ಕ್ಯಾಂಟೀನ್‌ನೋರಿಗೆ ಯಾವಾಗಿಂದ ಬುದ್ಧಿ ಬಂತೋ," ಅಂತ ನೀನು ಬೆರಳು ನೆಕ್ಕಿಕೊಂಡೆ.

ನಾಲ್ಕು ದಿನ ಬಿಟ್ಟು ಮೇಡಂ ಪೆನ್ನಿನಂಥ ಆ ಉಪಕರಣ ಹಿಡಿದು ಹತ್ತರಲ್ಲಿ ಒಂದು ಜಾಯಿಂಟ್ ಆರಿಸಿ ಗಡಸುತನ ನೋಡುತ್ತಾ ಬಂದರು. ಹದಿನೆಂಟರ ನೆತ್ತಿ ಸರಿಯಿತ್ತು. ಹೊಟ್ಟೆಯಲ್ಲಿ ಮುನ್ನೂರ ಎರಡು. ಇನ್ನೂರ ನಲವತ್ತೆಂಟು ದಾಟಬಾರದು. ಚಾರ್ಟ್ ಸರಿಯಿದೆ, ಎಕ್ಸ್‌ರೇ ಸರಿಯಿದೆ, ಹಾಗಾದರೆ ವೆಲ್ಡರ್ ಬೇರೆ ರಾಡ್ ಬಳಸಿರಬೇಕು, ಇಲ್ಲವೇ ಬೆಸುಗೆಗೆ ಮುಂಚೆ ಪೈಪ್ ಬಿಸಿ ಮಾಡಿರಲಿಕ್ಕಿಲ್ಲ ಅಂತ ತೀರ್ಮಾನಿಸಿದರು. ಫೋರ್‌ಮನ್ನಿಗೆ ಗಡುವು ತಲೆಯ ಮೇಲೆ ಕೂತಿತ್ತು. ಯಾವ ರಾಡ್ ಅಂತ ಪರೀಕ್ಷೆಗೆ ಕಳಿಸುವ ಮೊದಲೇ ಜಾಯಿಂಟ್ ಕತ್ತರಿಸಿ, ಹೊಸದು ಹಾಕಿಸಿ, ಹಳೆಯದನ್ನು ಗುಜರಿಗೆ ಹಾಕಿದರು.

ಕಂಟೇನರ್ ಆಫೀಸಿನಲ್ಲಿ ನಿನ್ನನ್ನು ಕರೆದ ದಿನ ನಾನು ಬಾಗಿಲ ಬಳಿ ಚಾರ್ಟಿನ ಸುರುಳಿ ಹಿಡಿದು ನಿಂತಿದ್ದೆ. ರಾಡ್ ಸರಿಯಾಗಿಯೇ ತಗೊಂಡಿದ್ದೆ ಅಂತ ನೀನು ಹೇಳಿದೆ. ಆಮೇಲೆ ತಗೊಂಡಿದ್ದೆ ಅನ್ಸುತ್ತೆ ಅಂದೆ. ಆ "ಅನ್ಸುತ್ತೆ" ಕೇಳಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆಗ ನೀನು ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದೆ. "ನೀನು ಸರಿಯಾಗಿ ಕಾಯಿಸಿದ್ದೆ ತಾನೇ?"

"ಹೂಂ ಅಕ್ಕ," ಅಂದೆ.

ಫೋರ್‌ಮನ್, "ಅವನ ತಮಾಷೆ ಗೊತ್ತಲ್ಲ ನಿಂಗೆ," ಅಂದ. ಅವನಿಗೆ ಆಗಲೇ ಒಂದು ಎಳೆ ಅನುಮಾನ ಇತ್ತೇನೋ. ನೀನು ಅವನ ಮಾತು ಅಲ್ಲೇ ಕತ್ತರಿಸಿದೆ. "ಚೇಷ್ಟೆ ಮಾಡ್ತಾನೆ ಸರ್, ಕೆಲಸದಲ್ಲಿ ಸುಳ್ಳು ಹೇಳಲ್ಲ. ನಾನು ಬೆಳೆಸಿದ ಹುಡುಗ. ತಪ್ಪಿದ್ರೆ ನನ್ನ ಕೈದೇ." ಅಷ್ಟು ಹೇಳಿ ಜೇಬಿನಿಂದ ಬಟ್ಟೆ ಸುತ್ತಿದ ಎರಡು ಪಂಚ್ ತೆಗೆದೆ. ಒಂದರ ತುದಿಯಲ್ಲಿ ಮೂರು, ಇನ್ನೊಂದರ ತುದಿಯಲ್ಲಿ ಒಂದು. ಪ್ರತಿ ಜಾಯಿಂಟಿನ ಪಕ್ಕ ನಿನ್ನ ನಂಬರ್ ಒತ್ತುವ ಆ ಉಕ್ಕಿನ ತುಂಡುಗಳನ್ನು ಮೇಜಿನ ಮೇಲೆ ಇಟ್ಟೆ. ಬಟ್ಟೆ ಮಾತ್ರ ಮಡಚಿ ವಾಪಸ್ ಜೇಬಿಗೆ ಹಾಕಿಕೊಂಡೆ.

ನನಗೆ ಬಾಯಿ ಇತ್ತು. ದಿನವಿಡೀ ಓಡುವ ಬಾಯಿ. ಅಂದು ಅದು ಓಡಲಿಲ್ಲ.

ಅಕ್ಕ, ನಿನ್ನ ಕೈ ಹೋಗಿಲ್ಲ. ನಿನ್ನ ಕಣ್ಣು ಹೋಗಿಲ್ಲ. ಹದಿನೆಂಟನೇ ಜಾಯಿಂಟಿನಲ್ಲಿ ನೀನು ಹಾಕಿದ ಬೆಸುಗೆ ಸರಿಯಿತ್ತು. ನಾನು ಅದನ್ನು ಅರ್ಧ ಸಮಾಧಾನ ಮಾಡಿ ಎದ್ದುಬಂದೆ. ಇಪ್ಪತ್ತನೇ ತಾರೀಕು ಪರೀಕ್ಷೆಗೆ ಹೋಗು. ಅಂದು ಹೋಗದಿದ್ದರೆ ನಿನ್ನ ನಂಬರ್ ಬೇರೆಯವರಿಗೆ ಕೊಡುತ್ತಾರಂತೆ. ಬೇರೆ ಯಾರನ್ನೋ ಮೂವತ್ತೊಂದು ಅಂತ ಕೂಗುವುದನ್ನು ಕೇಳಿಸಿಕೊಳ್ಳಲು ನನ್ನ ಬೂಟಿನ ತೂತುಗಳು ಸಾಲುವುದಿಲ್ಲ.

ಇಲ್ಲಿ ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಈ ಊರಿನ ಯಾವ ಯಾರ್ಡಿನಲ್ಲೂ ಸೇರಿಸಿಕೊಳ್ಳುವುದಿಲ್ಲ. ಹೇಗೂ ಆ ಜಾಯಿಂಟ್ ಕತ್ತರಿಸಿಯಾಗಿದೆ, ಯಾರಿಗೂ ಅಪಾಯವಿಲ್ಲ. ನಿನಗೆ ತಿಳಿದರೆ ಸಾಕಲ್ಲವೇ. ನೀನು ಧೈರ್ಯವಾಗಿ ಹೋಗಿ ಪಾಸಾಗು, ಉಳಿದದ್ದು ನಮ್ಮಿಬ್ಬರಲ್ಲೇ ಇರಲಿ. ಒಂದೇ ಒಂದು ಸಲದ ತಪ್ಪು. ಅಮ್ಮನ ಕನ್ನಡಕದ ಮೇಲೆ ಆಣೆ.

ಕ್ಷಮಿಸು ಅಂತ ಬರೆಯಲು ಮೂರು ಸಲ ಹೊರಟೆ. ಪ್ರತಿ ಸಲವೂ ಅದು ಷರಾ ಇದ್ದ ಹಾಗೆ ಕಂಡಿತು. ಆದ್ದರಿಂದ ಬರೆದಿಲ್ಲ.

ನಿನ್ನ ಕೈಯಲ್ಲಿ ಬೆಳೆದ,
ಕಿತಾಪತಿ

ತಾ.ಕ.

ಶುಕ್ರವಾರ, ಸಂಜೆ ಐದು ಗಂಟೆ. ಅಮ್ಮನ ಕನ್ನಡಕದ ಮೇಲಿನ ಆಣೆ ವಾಪಸ್ ತಗೊಂಡಿದ್ದೇನೆ.

ಒಂದೇ ಸಲ ಅಲ್ಲ, ಅಕ್ಕ. ಹತ್ತೊಂಬತ್ತನೇ ಜಾಯಿಂಟ್ ಕೂಡ. ಮೊದಲ ದಿನದ ಆಲೂಗಡ್ಡೆಯನ್ನು ಎಲ್ಲರೂ ಹೊಗಳಿದ್ದರಲ್ಲ, ಮಾರನೇ ದಿನ ಹತ್ತು ತಂದಿದ್ದೆ. ಈ ಸಲ ತಂತಿ ಕೀಳುವುದೇ ಬೇಡ, ಚಾರ್ಟ್ ಹಾಳಾಗುವುದೂ ಬೇಡ ಅಂತ ಶುರುವಿನಲ್ಲೇ ನೆತ್ತಿಯ ತಂತಿಯನ್ನು ಎರಡೂ ತೂತಿಗೆ ಕಟ್ಟಿ ಕೂತೆ. ಅದು ಅವಸರದಲ್ಲಿ ಮಾಡಿದ್ದಲ್ಲ, ಯೋಚಿಸಿ ಮಾಡಿದ್ದು. ಆ ಚಾರ್ಟಿನ ಮೇಲೆ ಮಾತ್ರ ನಾನು ಯಾವ ಷರಾವನ್ನೂ ಬರೆಯಲಿಲ್ಲ. ಮೇಡಂ ಆರಿಸಿದ ಜಾಯಿಂಟುಗಳಲ್ಲಿ ಹತ್ತೊಂಬತ್ತು ಇರಲಿಲ್ಲ. ಅದು ಎರಡೂ ಪಾಳಿಯವರು ಊಟಕ್ಕೆ ನಡೆದು ಹೋಗುವ ದಾರಿಯ ಮೇಲೆ, ತಲೆಯಿಂದ ನಾಲ್ಕಡಿ ಎತ್ತರದಲ್ಲಿದೆ. ಪಕ್ಕದಲ್ಲಿ ಮೂವತ್ತೊಂದು ಅಂತ ಒತ್ತಿದೆ. ಸೋಮವಾರ ಗ್ಯಾಸ್ ಬಿಡುವುದಿತ್ತು.

ನಿನ್ನೆ ಸಹಿ ಹಾಕಿದ ಮೇಲೆ ಲಕೋಟೆಗೆ ಗೋಂದು ಹಚ್ಚಿ, ಹಾಗೇ ಕೈಯಲ್ಲಿ ಹಿಡಿದು ಕೂತಿದ್ದೆ. ಗೋಂದು ಒಣಗಿತು, ಅಂಟಿಸಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಹಾಜರಿಯಲ್ಲಿ ಫೋರ್‌ಮನ್ ಮೂವತ್ತು ಅಂದು ಉಸಿರು ನಿಲ್ಲಿಸಿದಾಗ ನಾನು ಸಾಲು ಬಿಟ್ಟು ನೇರ ಮೇಡಂ ಕೋಣೆಗೆ ಹೋದೆ.

ಎರಡೂ ಚಾರ್ಟುಗಳನ್ನು ಮೇಜಿನ ಮೇಲೆ ಹಾಸಿ ತೋರಿಸಿದೆ. ಮೇಡಂ ಹದಿನೆಂಟರ ಷರಾವನ್ನು ಜೋರಾಗಿ ಓದಿದರು. ಓದಿ ಕನ್ನಡಕ ತೆಗೆದಿಟ್ಟು, "ಇದಕ್ಕೆ ನಾನೂ ನಕ್ಕಿದ್ದೆ," ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಕೈಯಿಂದಲೇ ಹತ್ತೊಂಬತ್ತರ ಮೇಲಿನ ಬಣ್ಣ ಉಜ್ಜಿಸಿ ಅಳೆದರು. ನೆತ್ತಿಯಲ್ಲಿ ಇನ್ನೂರ ಹತ್ತು. ಹೊಟ್ಟೆಯಲ್ಲಿ ಮುನ್ನೂರ ಹನ್ನೊಂದು. ಫೋರ್‌ಮನ್ ಆ ಅಂಕಿ ನೋಡಿದ, ಕೆಳಗಿನ ದಾರಿಯಲ್ಲಿ ತಟ್ಟೆ ಹಿಡಿದು ಹೋಗುತ್ತಿದ್ದವರನ್ನು ನೋಡಿದ, ನನ್ನನ್ನು ನೋಡಲೇ ಇಲ್ಲ. ಸೋಮವಾರದ ಗ್ಯಾಸ್ ರದ್ದಾಗಿದೆ. ನಾನು ಕಾಯಿಸಿದ ಎಲ್ಲ ಜಾಯಿಂಟುಗಳನ್ನೂ, ಒಂದೂ ಬಿಡದೆ, ಮತ್ತೆ ಅಳೆಯುತ್ತಾರೆ. ಅಷ್ಟು ಕೆಲಸ ಅವರಿಗೆ ನಾನು ಕೊಟ್ಟು ಹೊರಟಿದ್ದೇನೆ. ನನ್ನ ಗೇಟ್ ಪಾಸ್ ವಾಪಸ್ ಕಿತ್ತುಕೊಂಡರು.

ನಿನ್ನ ಪಂಚುಗಳು ಮೇಡಂ ಮೇಜಿನ ಡ್ರಾಯರಿನಲ್ಲೇ ಇದ್ದವು. ಲಕೋಟೆಯಲ್ಲಿ ಹಾಕಿ ಕಳಿಸಲೇ ಅಂತ ಕೇಳಿದೆ. "ನೀನು ಮುಟ್ಟಬೇಡ. ಅವಳೇ ಬಂದು ತಗೋಬೇಕು," ಅಂದರು. ನಿನ್ನ ಮೇಲಿನ ದೂರನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದಾರೆ. ಆದರೂ ಕೆಲಸ ಬಿಟ್ಟು ಎರಡು ತಿಂಗಳಾಯಿತು, ನಿಯಮದ ಪ್ರಕಾರ ಪರೀಕ್ಷೆ ಕೊಡಲೇಬೇಕಂತೆ. ಇಪ್ಪತ್ತನೇ ತಾರೀಕು, ಶನಿವಾರ, ಬೆಳಿಗ್ಗೆ ಒಂಬತ್ತು.

ಈ ಕಾಗದ ಕೊರಿಯರಿನಲ್ಲಿ ನಾಳೆ ತಲುಪುತ್ತದೆ, ನಾನು ಭಾನುವಾರದ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯಲೇಬೇಕು ಅಂತೇನಿಲ್ಲ, ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೇಕಾದರೆ ಅಮ್ಮನ ಕೈಯಲ್ಲಿ ಆ ಮುರಿದ ಸ್ಟೂಲನ್ನಷ್ಟೇ ಹೊರಗೆ ಕಳಿಸು, ತುಕ್ಕು ಉಜ್ಜಿ ಇಡುತ್ತೇನೆ. ಬೆಸುಗೆ ನೀನು ಹಾಕು.

ಅಲ್ಲಿಯವರೆಗೆ ಒಂದು ಕೆಲಸ ಮಾಡು, ಅಕ್ಕ. ಆ ಲೋಟದ ನೀರು ಕುಡಿದುಬಿಡು.